ಆರತಕ್ಷತೆಗೆ ಯಾವ ಕುಣಿತ?

ಕೆಜಿಎಫ್, ಬಂಗಾರಪೇಟೆ ಕಡೆಯ ಆರತಕ್ಷತೆಗೆ ಕುಣಿತ ಗೊತ್ತುಮಾಡುವುದು ಸಂಬಂಧ ಕುದುರಿಸುವುದಕ್ಕಿಂತ ಕಷ್ಟ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿ ಕಾರ್ಮಿಕರ ಜೊತೆ ಬಂದ ತಮಿಳು ಕರಗಾಟ್ಟಂನ ಆಸೆ ಮುಚ್ಚಿಲ್ಲ. ತೆಲುಗು ಅತ್ತೆಗೆ ಕೋಲಾಟ ಬೇಕು, ಕನ್ನಡದ ಮಾವನಿಗೆ ಡೊಳ್ಳು. ಡೊಳ್ಳು ಛತ್ರದೊಳಗೆ ಬಂದರೆ ಪಕ್ಕದವರ ಮಾತೂ ಕೇಳದು. ಕೆಲವು ನೆಂಟರ ವಿಷಯದಲ್ಲಿ ಅದು ಲಾಭವೇ. ವೀರಗಾಸೆಯ ಕತ್ತಿ ಕಂಡರೆ ವರನ ಮುಖ ಬಿಳಿಚುತ್ತದೆ. ಕೀಲುಕುದುರೆ ಚಂದ, ಆದರೆ ಊಟದ ಸಾಲಿನಲ್ಲಿ ತಿರುಗಿದರೆ ಬಾಲ ಸಾಂಬಾರಿಗೆ.

ಕೊನೆಗೆ ಎಲ್ಲರೂ ಒಪ್ಪುವುದು ತಮಟೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದ ವಾದ್ಯ. ತಮಿಳರಿಗೆ ಅದು ಪರೈ, ತೆಲುಗರಿಗೆ ಡಪ್ಪು. ಛತ್ರದ ಬಾಗಿಲಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಿ, ‘ಠಣ್’ ಎನ್ನುವವರೆಗೆ ತಟ್ಟಿ ನೋಡುತ್ತಾರೆ. ಅಷ್ಟರಲ್ಲಿ ನೆಂಟರೆಲ್ಲ ಬಂಗಾರಪೇಟೆಯ ತಿಳಿನೀರಿನ ಪಾನಿಪುರಿ ಮುಂದೆ ಸಾಲುಗಟ್ಟಿರುತ್ತಾರೆ.