ಹಲಕರ್ಣಿಯ ಪರಾತ: ಒಂದು ಕಾಲ್ಪನಿಕ ಸಂದರ್ಶನ

ಮಕ್ಕಳ ಸುಳ್ಳಡುಗೆಗೆ ಬೇಕಾಗುವುದು ಅಗಲವಾದ ಪಾತ್ರೆ, ಸುರಿಯಲು ಕಾಳು, ಅಳೆಯಲು ಬಟ್ಟಲು. ನಗರದ ದುಬಾರಿ ಶಿಶುಶಾಲೆಗಳಲ್ಲಿ ಇದಕ್ಕೆ ‘ಸೆನ್ಸರಿ ಬಿನ್’ ಎಂದು ಹೆಸರು. ಮಹಾರಾಷ್ಟ್ರದ ಗಡಹಿಂಗ್ಲಜ ತಾಲೂಕಿನ ಹಲಕರ್ಣಿಯಂಥ ಊರಲ್ಲಿ ರೊಟ್ಟಿ ಹಿಟ್ಟು ನಾದುವ ಪರಾತವೇ ಈ ಹೆಚ್ಚುವರಿ ಹುದ್ದೆಯನ್ನು ಸಂಬಳವಿಲ್ಲದೆ ನಿಭಾಯಿಸುತ್ತದೆ. ಪಠ್ಯಪುಸ್ತಕದ ಧಾಟಿಯಲ್ಲಷ್ಟೇ ಮಾತಾಡುವುದಾಗಿ ಷರತ್ತು ಹಾಕಿ ಅದು ಸಂದರ್ಶನಕ್ಕೆ ಒಪ್ಪಿತು.

ಪ್ರಶ್ನೆ: ಪರಾತವೇ ಏಕೆ?

ಪರಾತ: ಅಂಚು ಗಿಡ್ಡ, ತಳ ಅಗಲ, ಕೂತ ಮಗುವಿನ ಎರಡೂ ಕೈ ಆಡುತ್ತವೆ. ಕಾಳು ಎರಡು ಬೆರಳಿನಷ್ಟು ಎತ್ತರವಿದ್ದರೆ ಸಾಕು, ಅದಕ್ಕೂ ಮೇಲಿನದು ನೇರ ನೆಲಕ್ಕೆ. ಅಡಿಗೆ ಹಳೆಯ ಸೀರೆ ಹಾಸಬೇಕು.

ಪ್ರಶ್ನೆ: ಒಳಗೆ ಏನಿರಬೇಕು?

ಪರಾತ: ಮೂರು ವರ್ಷ ದಾಟಿದವರಿಗೆ ಜೋಳ ಅಥವಾ ಅಕ್ಕಿನುಚ್ಚು. ನೆರೆಯ ಆಜರಾದ ಘನಸಾಳ ಅಕ್ಕಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು. ಅದು ನಿಜವಾದ ಒಲೆಗೇ ಇರಲಿ. ಉಳಿದದ್ದಕ್ಕೆ ಇಚಲಕರಂಜಿಯ ಮಗ್ಗಗಳ ಬಟ್ಟೆ ಚೂರು ಸಾಕು: ಬಿಳಿಯದನ್ನು ದುಂಡಗೆ ಕತ್ತರಿಸಿದರೆ ರೊಟ್ಟಿ, ಹಸಿರನ್ನು ಹರಿದರೆ ಮೆಂತ್ಯ, ಕೆಂಪನ್ನು ಹೊಸೆದರೆ ಮೆಣಸಿನಕಾಯಿ. ಸಂಕೇಶ್ವರಿ ಮೆಣಸಿನಕಾಯಿಯ ಸೀಮೆ ಎಂಬ ಅಭಿಮಾನಕ್ಕೆ ನಿಜವಾದದ್ದನ್ನು ಹಾಕಬಾರದು. ಅದನ್ನು ಮುಟ್ಟಿದ ಕೈ ಮೊದಲು ಹೋಗುವುದು ಕಣ್ಣಿಗೆ.

ಪ್ರಶ್ನೆ: ಇನ್ನೂ ಚಿಕ್ಕವರಿಗೆ?

ಪರಾತ: ಬೇಯಿಸಿ ಆರಿಸಿದ ಅನ್ನ, ಅದೂ ದೊಡ್ಡವರ ಕಣ್ಣೆದುರು. ಬಾಯಿಗೆ ಹೋದರೆ ಆಟ ಊಟವಾಯಿತು, ಅಷ್ಟೆ. ಶೇಂಗಾ, ಕಡಲೆ, ಬಟಾಣಿ, ಅಂಗಿಯ ಗುಂಡಿ ಸುತರಾಂ ಬೇಡ. ಉಸಿರುನಾಳಕ್ಕೆ ಸಿಕ್ಕಿದರೆ ಕೂಗಲೂ ದನಿ ಹೊರಡದು. 31.7 ಮಿ.ಮೀ. ವ್ಯಾಸದ ಅಳತೆ ಕೊಳವೆಯೊಳಗೆ ಪೂರ್ತಿ ಕೂರುವ ವಸ್ತು ಮೂರರೊಳಗಿನವರ ಆಟಿಕೆಯಲ್ಲಿ ಅಪಾಯವೆಂದೇ ಲೆಕ್ಕ. ನೀರಲ್ಲಿ ಉಬ್ಬುವ ಬಣ್ಣದ ಗುಳಿಗೆಗಳು ನೋಡಲು ಸಾಬೂದಾನಿ. ನುಂಗಿದರೆ ಹೊಟ್ಟೆಯಲ್ಲೂ ಉಬ್ಬಿ ಕರುಳು ಕಟ್ಟಬಲ್ಲವು. ಅವಕ್ಕೆ ಯಾವ ವಯಸ್ಸಿನಲ್ಲೂ ಪ್ರವೇಶವಿಲ್ಲ.

ಪ್ರಶ್ನೆ: ಇದರಿಂದ ಮಗು ಕಲಿಯುವುದೇನು?

ಪರಾತ: ಉದ್ದ ಲೋಟದ ಜೋಳವನ್ನು ಅಗಲ ಬಟ್ಟಲಿಗೆ ಸುರಿದರೆ ಕಡಿಮೆಯಾದಂತೆ ಕಾಣುತ್ತದೆ, ಆದರೆ ಇರುವುದು ಅಷ್ಟೇ. ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥದೇ ಸುರಿದಾಟದಿಂದ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಳೆದು ಹೆಸರಾದರು; ಪರಾತದ ಪಾಲಿಗೆ ಬಂದದ್ದು ಕಸಬರಿಗೆ. ಮಾತೂ ಬೆಳೆಯುತ್ತದೆ. ಗೊಂಬೆಗೆ ಉಣಿಸುವುದು ಕನ್ನಡದಲ್ಲಿ, ಅಂಗಡಿಯವನೊಡನೆ ಚೌಕಾಸಿ ಮರಾಠಿಯಲ್ಲಿ. ಎರಡು ರಾಜ್ಯಗಳ ಗಡಿಯ ಬಗೆಗಿನ 1967ರ ಮಹಾಜನ ವರದಿಯ ಗೆರೆ ಈ ಆಟದೊಳಗೆ ಬಂದಿಲ್ಲ.

ಪ್ರಶ್ನೆ: ಇದು ಹೊಸ ವಿದ್ಯೆಯಂತಲ್ಲ?

ಪರಾತ: ಶಿಕ್ಷಣತಜ್ಞೆ ಮಾಂಟೆಸ್ಸರಿ ಭಾರತಕ್ಕೆ ಬಂದದ್ದು 1939ರಲ್ಲಿ. ಅದಕ್ಕೂ ಮೊದಲೇ, 1926ರಲ್ಲಿ, ಗಿಜುಭಾಯಿ ಬಧೇಕಾ ಮತ್ತು ತಾರಾಬಾಯಿ ಮೋಡಕ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದ್ದರು. ಮುಂದೆ ತಾರಾಬಾಯಿ ಬೋರ್ಡಿ, ಕೋಸಬಾಡಗಳಲ್ಲಿ ಊರಲ್ಲೇ ಸಿಗುವ ಅಗ್ಗದ ಸಾಮಾನಿನಿಂದ ಬಾಲವಾಡಿ ನಡೆಸಿದರು. ಅಂಗನವಾಡಿ ಯೋಜನೆ 1975ರದು, ಕೇಂದ್ರ ಸರ್ಕಾರದ ಆಟಿಕೆ ಪೆಟ್ಟಿಗೆ ‘ಜಾದೂಯಿ ಪಿಟಾರಾ’ 2023ರದು. ಪರಾತಕ್ಕೆ ಯಾವ ಮಂತ್ರಿಯೂ ಉದ್ಘಾಟನೆ ಮಾಡಿದ್ದಿಲ್ಲ.

ಪ್ರಶ್ನೆ: ದೊಡ್ಡವರ ಕೆಲಸ?

ಪರಾತ: ಹತ್ತಿರ ಕೂರುವುದು, ಬಾಯಿ ಮುಚ್ಚಿಕೊಂಡಿರುವುದು. ‘ಹಂಗಲ್ಲ, ಹಿಂಗ’ ಎಂದು ತಿದ್ದಿದ ಕೂಡಲೇ ಮಗು ಎದ್ದು ಹೋಗುತ್ತದೆ. ಫೋಟೋಕ್ಕೆಂದು ಕಾಳನ್ನು ಬಣ್ಣವಾರು ಜೋಡಿಸಿದರೆ ಆಡಿದ್ದು ದೊಡ್ಡವರೇ.

ಪ್ರಶ್ನೆ: ಅನ್ನದ ಜೊತೆ ಆಟವೇ ಎಂದು ಅಜ್ಜಿ ಬೈದರೆ?

ಪರಾತ: ಅಜ್ಜಿಯ ಮಾತು ಸರಿ. ಅದಕ್ಕೇ ಅದೇ ಜೋಳವನ್ನು ಬಿಸಿಲಿಗೊಣಗಿಸಿ ಮತ್ತೆ ಮತ್ತೆ ಬಳಸಬೇಕು. ನೀರು ಬಿದ್ದದ್ದನ್ನು, ನುಸಿ ಹಿಡಿದದ್ದನ್ನು ಅಂದೇ ತೆಗೆಯಬೇಕು. ಆಟದ ಕಾಳು ಅಡುಗೆಗೆ ಮರಳಬಾರದು. ನುಸಿ ಬಿದ್ದದ್ದು ಕೋಳಿಗೆ, ಬೂಸು ಹಿಡಿದದ್ದು ತಿಪ್ಪೆಗೆ.