ಬ್ಯಾಳಿ ಬೇಯುವ ನೀರು

ನಮ್ಮ ಗಡಿ ಸೀಮೆಯಲ್ಲಿ ಮನೆಗೆ ಬೀಗರು ಬಂದರೆ ಮೊದಲು ಕೈಗೆ ಸಿಗುವುದು ಚೆಂಬು ನೀರು. ಅದರ ಬೆನ್ನಿಗೇ ಆ ನೀರಿನ ಕುಲಗೋತ್ರ. "ಕುಡೀರಿ, ಫಿಲ್ಟರ್ ನೀರೇ ಐತಿ" ಎಂದು ಮನೆಯಾಕೆ ಅಭಯ ಕೊಡುತ್ತಾಳೆ. ಅಭಯ ಸಿಗದಿದ್ದರೆ ಬೀಗರು ಚೆಂಬನ್ನು ತುಟಿಯ ಹತ್ತಿರ ಒಯ್ದಂತೆ ಮಾಡಿ ಪಕ್ಕಕ್ಕಿಟ್ಟು, "ಈಗಷ್ಟ ಕುಡದು ಬಂದೀವ್ರಿ" ಎನ್ನುತ್ತಾರೆ. ವರದಕ್ಷಿಣೆಯ ಮಾತಿಗೂ ಇಷ್ಟು ನಾಜೂಕು ಬಳಸುವುದನ್ನು ನಾನು ಕಂಡಿಲ್ಲ.

ನಮ್ಮ ಸೀಮೆಯ ಕೆ.ಟಿ. ದೊಡ್ಡಿಯ ಪೂರ್ತಿ ಹೆಸರು ಕಾಲೂರು ತಿಮ್ಮನದೊಡ್ಡಿ. ಅಷ್ಟು ಹೇಳುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆಂದೋ ಏನೋ, ಎಲ್ಲರೂ ಎರಡಕ್ಷರಕ್ಕೆ ಇಳಿಸಿಬಿಟ್ಟಿದ್ದಾರೆ. ಅತ್ತ ಗದ್ವಾಲ, ಇತ್ತ ರಾಯಚೂರು. ಕಚೇರಿ ಕಾಗದವೆಲ್ಲ ತೆಲಂಗಾಣದ್ದು. ಬೀಗತನ, ಆಸ್ಪತ್ರೆ, ಬಟ್ಟೆಬರೆ ಅರ್ಧ ಕರ್ನಾಟಕದ್ದು. ಕಟ್ಟೆಯ ಮೇಲೆ ಒಬ್ಬ ತೆಲುಗಿನಲ್ಲಿ ಎತ್ತಿಕೊಂಡ ಮಾತನ್ನು ಇನ್ನೊಬ್ಬ ಕನ್ನಡದಲ್ಲಿ ಮುಗಿಸುತ್ತಾನೆ. ಮೂರನೆಯವ ಎರಡರಲ್ಲೂ ಬೈಯುತ್ತಾನೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ನಡಿಗಡ್ಡ ಎಂದು ಹೆಸರು. ಎರಡು ಮಹಾನದಿಗಳ ನಡುವೆ ಕೂತು ಖಾಲಿ ಕೊಡ ಇಟ್ಟುಕೊಂಡು ಕಾಯುವುದೂ ಒಂದು ವಿದ್ಯೆಯೇ. ನಮ್ಮವರಿಗೆ ಅದು ತಲೆಮಾರುಗಳಿಂದ ಕರಗತ.

ನೀರನ್ನು ಒರೆಗೆ ಹಚ್ಚುವ ವಿಧಾನವೂ ನಮ್ಮಲ್ಲಿ ಹಳೆಯದೇ. ತೊಗರಿ ಬ್ಯಾಳಿ ಬೆಂದರೆ ನೀರು ಪಾಸು, ಬೇಯದಿದ್ದರೆ ನಪಾಸು. ನಮ್ಮ ದೊಡ್ಡವ್ವ ಹೊಸ ಬೋರು ಹಾಕಿಸಿದವರ ಮನೆಗೆ ಹೋದರೆ ಪೂಜೆಯ ಕಡೆ ನೋಡುತ್ತಿರಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದು, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಸವುಳ ಐತಿ, ಇದಕ್ಕ ಬ್ಯಾಳಿ ಬೇಯಂಗಿಲ್ಲ" ಎಂದುಬಿಡುತ್ತಿದ್ದಳು. ಬೋರಿಗೆ ಸಾಲ ಮಾಡಿದ್ದ ಯಜಮಾನನ ಮುಖ ಬೇಯದ ಬ್ಯಾಳಿಯಂತಾಗುತ್ತಿತ್ತು. ದೊಡ್ಡವ್ವನ ತೀರ್ಪಿನಲ್ಲಿ ಸುಳ್ಳಿರಲಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅವು ಕಾಳಿನ ಸಿಪ್ಪೆಯ, ಬೇಳೆಯ ಪೆಕ್ಟಿನ್ ಜೊತೆ ಕೂಡಿ ಗಟ್ಟಿಯಾಗುತ್ತವೆ. ಬೇಳೆ ಬೇಗ ಕರಗುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಸರ್ಕಾರದ ಅಳತೆಯಲ್ಲಿ ಇದಕ್ಕೆ ಗಡಸುತನ ಎನ್ನುತ್ತಾರೆ. ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ದೊಡ್ಡವ್ವ ಅದನ್ನು ಮಿಲಿಗ್ರಾಂ ಇಲ್ಲದೆಯೇ ಹೇಳುತ್ತಿದ್ದಳು.

ತೊಂದರೆ ಏನೆಂದರೆ, ಬ್ಯಾಳಿ ಬೇಯಿಸುವ ನೀರೆಲ್ಲ ಒಳ್ಳೆಯ ನೀರು ಎಂದು ನಾವು ನಂಬಿಬಿಟ್ಟೆವು. ಅಷ್ಟೇ ಅಲ್ಲ, ಕೆಟ್ಟದ್ದೆಲ್ಲಕ್ಕೂ ನೀರನ್ನೇ ಹೊಣೆ ಮಾಡಿದೆವು. ಸೊಸೆಯ ಕೂದಲು ಉದುರಿದರೆ ಊರಿನ ನೀರು. ಅಳಿಯನ ಮಂಡಿ ನೋಯುತ್ತಿದ್ದರೆ ಊರಿನ ನೀರು. ಮೊಮ್ಮಗ ಗಣಿತದಲ್ಲಿ ಫೇಲಾದರೂ, "ರಾಯಚೂರಾಗ ಇದ್ದಾಗ ಛಲೋ ಓದ್ತಿದ್ದ, ಇಲ್ಲಿ ನೀರು ಆಗಿಬರಲಿಲ್ಲ" ಎಂಬ ಮಾತು ಕಿವಿಗೆ ಬಿದ್ದಿದೆ. ಪಾಪದ ನೀರು, ಎದುರು ಮಾತಾಡದೆ ಎಲ್ಲವನ್ನೂ ಹೊತ್ತುಕೊಂಡಿತು.

ಹಿರಿಯರದು ಇನ್ನೊಂದು ರಾಗ. "ನಮ್ಮ ಕಾಲದಾಗ ಬಾವಿಗಿ ಇಳದು ಕೈಯಾರೆ ಕುಡೀತಿದ್ವಿ. ಏನಾಗಿತ್ತು?" ಆಗಿದ್ದು ನಾರುಹುಣ್ಣು. ಈಗಿನ ಹುಡುಗರು ಆ ಹೆಸರು ಕೇಳಿಲ್ಲ, ಅದು ಅವರ ಪುಣ್ಯ. ಮೆಟ್ಟಿಲು ಬಾವಿಯ ತಿಳಿನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಚಿಗಟ ಇರುತ್ತಿತ್ತು, ಅದರ ಹೊಟ್ಟೆಯಲ್ಲಿ ಹುಳುವಿನ ಮರಿ. ಕುಡಿದವನಿಗೆ ಆಗ ಏನೂ ತಿಳಿಯುತ್ತಿರಲಿಲ್ಲ. ಸುಮಾರು ಒಂದು ವರ್ಷ ಕಳೆದ ಮೇಲೆ ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಅದರಿಂದ ನೂಲಿನಂಥ ಹುಳು ಹೊರಗೆ ಬರುತ್ತಿತ್ತು. ಉದ್ದ ಹತ್ತಿರಹತ್ತಿರ ಒಂದು ಮೀಟರ್. ಎಳೆದರೆ ತುಂಡಾಗಿ ಕಾಲು ಕೀವಾಗುತ್ತದೆಂದು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ತೆಗೆಯಬೇಕು. ಉರಿ ತಾಳಲಾರದೆ ರೋಗಿ ಕಾಲನ್ನು ಅದೇ ಬಾವಿಯ ನೀರಿನಲ್ಲಿ ಇಟ್ಟರೆ ಹುಳು ಲಕ್ಷಗಟ್ಟಲೆ ಮರಿ ಬಿಟ್ಟು ಮುಂದಿನ ವರ್ಷದ ಏರ್ಪಾಡು ಮಾಡಿಬಿಡುತ್ತಿತ್ತು. ಅಂದಿನ ಆಂಧ್ರ, ಕರ್ನಾಟಕ, ರಾಜಸ್ಥಾನ ಮೊದಲಾದ ರಾಜ್ಯಗಳಲ್ಲಿ ಈ ಕಾಟ ಇತ್ತು. ಇದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಮೆಟ್ಟಿಲು ಬಾವಿಗೆ ಇಳಿಯದಂತೆ ಕಟ್ಟೆ ಕಟ್ಟಿದರು, ಬೋರಿಂಗ್ ಹಾಕಿಸಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆ ಮನೆಗೆ ಹೇಳಿದರು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಈ ರೋಗ ಇಲ್ಲವೆಂದು ಸಾರಿತು. ಆ ಬಾವಿಯ ನೀರಿಗೂ ಬ್ಯಾಳಿ ಚೆನ್ನಾಗಿಯೇ ಬೇಯುತ್ತಿತ್ತು, ಅನ್ನುವುದನ್ನು ಹಿರಿಯರು ಮರೆಯುತ್ತಾರೆ.

ಬಟ್ಟೆಯ ಮಾತು ಬಂತು. ನೇಯ್ಗೆಗೆ ಹೆಸರಾದ ಗದ್ವಾಲ ಪಕ್ಕದಲ್ಲೇ ಇರುವುದರಿಂದ ಸೀರೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಮನೆಯಲ್ಲಿ ಊಟ ಸಿಗದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಎಂಬ ವಿಜ್ಞಾನಿಯ ತಂಡ ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿಸಿತು. ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಕಾಲರಾದ ರೋಗಾಣುಗಳು ನೀರುಚಿಗಟದಂಥ ಜೀವಿಗಳಿಗೇ ಅಂಟಿಕೊಂಡಿರುತ್ತವೆ. ಆ ಜೀವಿಗಳು ಮಡಿಕೆಯಲ್ಲಿ ಸಿಕ್ಕಿಬಿದ್ದರೆ ರೋಗಾಣುಗಳೂ ಸಿಕ್ಕಿಬಿದ್ದಂತೆ. ಹಳೆಯ ಸೀರೆಯೇ ಯಾಕೆಂದರೆ, ತೊಳೆದು ತೊಳೆದು ಅದರ ನೂಲು ಬಿಚ್ಚಿಕೊಂಡು ಸಂದು ಕಿರಿದಾಗಿರುತ್ತದೆ. ಹೊಸ ಜರಿ ಸೀರೆಯನ್ನು ಈ ಪುಣ್ಯಕಾರ್ಯಕ್ಕೆ ಯಾರೂ ಕೇಳಬಾರದು.

ಆಮೇಲೆ ನಳ ಬಂತು. 2016ರ ಆಗಸ್ಟಿನಲ್ಲಿ ತೆಲಂಗಾಣ ಮಿಷನ್ ಭಗೀರಥ ಶುರು ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು, ಕೆ.ಟಿ. ದೊಡ್ಡಿ ಮಂಡಲವಾಯಿತು. ಕೃಷ್ಣಾ, ಗೋದಾವರಿಗಳ ನೀರನ್ನು ಶುದ್ಧ ಮಾಡಿ ಹಳ್ಳಿಯ ಒಬ್ಬೊಬ್ಬರಿಗೂ ದಿನಕ್ಕೆ 100 ಲೀಟರ್ ಕೊಡುವ ಯೋಜನೆ. ಸಣ್ಣ ಮಾತಲ್ಲ. ಆದರೆ ಪುರಾಣದ ಭಗೀರಥನಿಗೆ ಒಂದು ಅನುಕೂಲವಿತ್ತು. ಗಂಗೆಯನ್ನು ಇಳಿಸಿದ ಮೇಲೆ ಅವನು ಓವರ್‌ಹೆಡ್ ಟ್ಯಾಂಕ್ ತೊಳೆಸಬೇಕಾಗಿರಲಿಲ್ಲ, ಓಣಿಯ ಪೈಪು ಒಡೆದದ್ದನ್ನು ನೋಡಬೇಕಾಗಿರಲಿಲ್ಲ. ಇಲ್ಲಿ ದೊಡ್ಡ ಪೈಪಿನಲ್ಲಿ ನೂರಾರು ಹಳ್ಳಿ ದಾಟಿ ಚೊಕ್ಕಟವಾಗಿ ಬರುವ ನದಿ, ಊರ ಟ್ಯಾಂಕಿನಿಂದ ನಮ್ಮ ಕೊಡಕ್ಕೆ ಬರುವ ಕೊನೆಯ ಎರಡು ಓಣಿಗಳಲ್ಲಿ ಮರ್ಯಾದೆ ಕಳೆದುಕೊಳ್ಳುತ್ತದೆ.

ಆ ಕೊನೆಯ ಓಣಿಯನ್ನು ಹತ್ತಿರದಿಂದ ನೋಡಬೇಕು. ಒತ್ತಡ ಸಾಲದೆಂದು ಮನೆಯ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ನಳವನ್ನು ಅದರೊಳಗೆ ಇಳಿಸಿರುತ್ತಾರೆ. ಗುಂಡಿಗೆ ಒಂದು ಕಡಪಾ ಕಲ್ಲು ಮುಚ್ಚಳ. ನೀರು ಬಂದಾಗ ಕಲ್ಲು ಸರಿಸಿ, ಪೈಪಿನ ತುಂಡು ಸಿಕ್ಕಿಸಿ, ಬಗ್ಗಿ ಕೊಡ ತುಂಬುವುದು. ಚೆಲ್ಲಿದ ನೀರು, ಪಾತ್ರೆ ತೊಳೆದ ನೀರು, ಮಳೆಯ ನೀರು ಎಲ್ಲ ಅದೇ ಗುಂಡಿಯಲ್ಲಿ ನಿಂತಿರುತ್ತವೆ. ಒಮ್ಮೊಮ್ಮೆ ಅಲ್ಲೊಂದು ಕಪ್ಪೆಯೂ ಖಾತೆ ಮಾಡಿಸಿಕೊಂಡಿರುತ್ತದೆ. ನೀರು ಬಿಡುವಾಗ ಪೈಪಿನಿಂದ ಹೊರಗೆ ಹರಿಯುತ್ತದೆ, ಸರಿ. ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗುತ್ತಾ ಒಳಕ್ಕೆ ಎಳೆಯುತ್ತದೆ. ನಳ ತೆರೆದಿದ್ದರೆ ಗುಂಡಿಯ ನೀರು, ಪೈಪು ಸೀಳಿದ್ದರೆ ಪಕ್ಕದ ಚರಂಡಿಯ ನೀರು ಒಳಗೆ ಹೋಗಿ ಕೂರುತ್ತದೆ. ಜೊತೆಗೆ ಯಾರಾದರೂ ನಳಕ್ಕೆ ಮೋಟರು ಹಚ್ಚಿದರೋ, ಇಡೀ ಓಣಿಯ ಸಂದುಗೊಂದುಗಳಿಂದ ಎಳೆದುಕೊಂಡು ಬರುತ್ತದೆ. ಮರುದಿನ ಮೊದಲ ಕೊಡ ತುಂಬುವವರ ಪಾಲಿಗೆ ಅದೇ ತೀರ್ಥ.

ಇದಕ್ಕೇ ಕ್ಲೋರಿನ್ ಹಾಕುವುದು. ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ಸೇರಿದ ರೋಗಾಣುಗಳನ್ನು ನೋಡಿಕೊಳ್ಳುವುದು ಆ ಉಳಿಕೆ. ನಾವೋ, ನೀರು ವಾಸನೆ ಬಂದರೆ "ಪೌಡರ್ ನೀರು ಬಿಟ್ಟಾನ" ಎಂದು ನೀರು ಬಿಡುವವನಿಗೆ ಮಂಗಳಾರತಿ ಮಾಡುತ್ತೇವೆ. ಬೈಗುಳ ತಪ್ಪಿಸಿಕೊಳ್ಳಲು ಅವನು ಬ್ಲೀಚಿಂಗ್ ಪೌಡರ್ ಕಡಿಮೆ ಮಾಡುತ್ತಾನೆ. ಅವತ್ತು ನೀರು ಸಿಹಿಯಾಗಿದೆ ಎಂದು ಊರೇ ಹೊಗಳುತ್ತದೆ.

ಊರು ನಳದ ನೀರನ್ನು ಬಟ್ಟೆಗೆ, ಎಮ್ಮೆಗೆ, ಸ್ನಾನಕ್ಕೆ ಇಟ್ಟುಕೊಂಡು, ಕುಡಿಯುವುದಕ್ಕೆ ಇಪ್ಪತ್ತು ಲೀಟರಿನ ಕ್ಯಾನಿಗೆ ಶರಣಾಗಿದೆ. ಒಮ್ಮೆ ಕಟ್ಟೆಗೆ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದ. ಟೈ ಕಟ್ಟಿದ್ದ, ಅದೇ ಅರ್ಧ ಊರನ್ನು ಸೇರಿಸಿತು. ಒಂದು ಗ್ಲಾಸಿನಲ್ಲಿ ನಳದ ನೀರು, ಇನ್ನೊಂದರಲ್ಲಿ ತನ್ನ ಮಷೀನಿನ ನೀರು ಇಟ್ಟು, ಎರಡರಲ್ಲೂ ಲೋಹದ ಕಡ್ಡಿಗಳನ್ನು ಇಳಿಸಿ, ಪಕ್ಕದ ಅಂಗಡಿಯಿಂದ ಕರೆಂಟು ಕೊಟ್ಟ. ನಳದ ನೀರು ಹಸಿರಾಗಿ, ಕೆಂಪಾಗಿ, ಕೊನೆಗೆ ಕೊಚ್ಚೆಯಾಗಿ ಮೇಲೆ ಕೆನೆಗಟ್ಟಿತು. ಮಷೀನಿನ ನೀರು ಹಾಗೇ ಇತ್ತು. "ನೋಡ್ರಿ, ಇಷ್ಟು ದಿನ ಇದನ್ನ ಕುಡೀತಿದ್ರಿ!" ಹೆಂಗಸರು ಸೆರಗು ಬಾಯಿಗೆ ಹಚ್ಚಿದರು. ಹಿಂದೆ ಕೂತಿದ್ದ ನಿವೃತ್ತ ವಿಜ್ಞಾನ ಮಾಸ್ತರು ಎದ್ದು, ಅಂಗಡಿಯಿಂದ ಚಿಟಿಕೆ ಉಪ್ಪು ತರಿಸಿ ಮಷೀನಿನ ನೀರಿಗೆ ಹಾಕಿ, "ಈಗ ಹಚ್ಚಪ್ಪ" ಎಂದರು. ಅದೂ ಕೊಚ್ಚೆಯಾಯಿತು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕು ಏಳುತ್ತದೆ. ಕಂಡ ಹೊಲಸೆಲ್ಲ ಕಡ್ಡಿಯದು, ನೀರಿನದಲ್ಲ. ಹುಡುಗ ಟೈ ಸಡಿಲಿಸಿ ಮುಂದಿನ ಊರಿಗೆ ಹೋದ. ಆದರೂ ಅವತ್ತು ಇಬ್ಬರು ಮುಂಗಡ ಕೊಟ್ಟಿದ್ದರು, ಮಾಸ್ತರ ಸೊಸೆಯೂ ಸೇರಿ.

ಹಾಗೆಂದು ಅಂಥ ಆರ್‌ಒ ಮಷೀನನ್ನು ಪೂರ್ತಿ ತಳ್ಳಿಹಾಕಲಾಗದು. ನಮ್ಮ ಕಡೆಯ ಕಲ್ಲುನೆಲದಲ್ಲಿ ಆಳದ ಬೋರುಗಳಿಗೆ ಫ್ಲೋರೈಡ್ ಭಯ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಬೆನ್ನು, ಮಂಡಿ ಬಾಗದ ಸ್ಥಿತಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಲೋರಿನ್ನಿಗೆ ಜಗ್ಗುವುದಿಲ್ಲ. ಆರ್‌ಒ ಅದನ್ನು ತೆಗೆಯುತ್ತದೆ. ಆದರೆ ನದಿಯ ನೀರಿಗೆ ಆ ಭಯ ಕಡಿಮೆ. ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ದಾಟದ ಕಡೆ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಒಂದು ಕೊಡ ಶುದ್ಧ ಮಾಡಲು ಒಂದಕ್ಕಿಂತ ಹೆಚ್ಚು ಕೊಡ ಚೆಲ್ಲುವ ಯಂತ್ರ ಅದು. ಇನ್ನು ಕ್ಯಾನಿನ ವಿಷಯ. ಅದರ ಕುತ್ತಿಗೆಯಿಂದ ಒಳಗೆ ಕೈ ಹೋಗುವುದಿಲ್ಲ, ತೊಳೆಯುವವರು ತೊಳೆದಷ್ಟೇ. ಬಿಸಿಲಿಗೆ ಹಿಡಿದು ತಳ ನೋಡಿ; ತಿಳಿಹಸಿರು ಪಾಚಿ ಕಾಣಿಸಿದರೆ ಅದರಲ್ಲಿ ಕ್ಲೋರಿನ್ ಇಲ್ಲ ಎಂದು ತಿಳಿದುಕೊಳ್ಳಿ.

ಪಕ್ಕದ ರಾಯಚೂರಿನಲ್ಲಿ 2022ರ ಮೇ ಕೊನೆಗೆ ಏನಾಯಿತೆಂದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಗರಸಭೆಯ ನಳದ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಹಿಂದಿರುಗಲಿಲ್ಲ. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಹೇಳಿದರು, ಪರಿಹಾರ ಕೊಟ್ಟರು. ಮರುವರ್ಷದ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಕಥೆ.  ನೀರಿನಲ್ಲಿ ರೋಗಾಣು ಇದೆಯೆಂದು ನಾಲಿಗೆ ಎಚ್ಚರಿಕೆ ಕೊಡುವುದಿಲ್ಲ.

ಆ ಎಚ್ಚರಿಕೆ ಕೊಡಬಲ್ಲದ್ದು ಒಂದು ಸಣ್ಣ ಬಾಟಲಿ. ಎಚ್‌2ಎಸ್ ಬಾಟಲಿ ಎನ್ನುತ್ತಾರೆ. ಗೆರೆಯವರೆಗೆ ನಳದ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರು ಕಪ್ಪಾದರೆ ಅದಕ್ಕೆ ಹೊಲಸು ಸೇರಿರುವ ಅನುಮಾನ. ಆಗ ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿಯವರೆಗೆ ಕುದಿಸಿ ಕುಡಿಯಬೇಕು. ಓದುಬರಹ ಬಂದವರೆಲ್ಲ ಮಾಡಬಹುದು. 2019ರಲ್ಲಿ ಶುರುವಾದ ಕೇಂದ್ರದ ಜಲ ಜೀವನ ಮಿಷನ್ ಪ್ರತಿ ಹಳ್ಳಿಯಲ್ಲೂ ಐವರು ಹೆಂಗಸರಿಗೆ ಇಂಥ ಪರೀಕ್ಷೆ ಕಲಿಸಬೇಕೆಂದೇ ಹೇಳುತ್ತದೆ. ಬ್ಯಾಳಿಯ ತೀರ್ಪು ಕೊಡುತ್ತಿದ್ದವರ ಕೈಗೇ ಬಾಟಲಿಯ ತೀರ್ಪೂ ಬರಲಿ, ಅದೇ ಸರಿಯಾದ ಕೈ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಪಂಚಾಯಿತಿಗೆ ಮನೆ ಪಟ್ಟಿ ಕಟ್ಟಲು ಹೋದಾಗ ಮೂರು ಪ್ರಶ್ನೆ ಕೇಳಿ: ಟ್ಯಾಂಕ್ ಯಾವಾಗ ತೊಳೆಸಿದಿರಿ, ಕೊನೆಯ ಓಣಿಯ ನಳದಲ್ಲಿ ಕ್ಲೋರಿನ್ ಎಷ್ಟಿದೆ, ನೀರಿನ ಪರೀಕ್ಷೆಯ ಚೀಟಿ ಎಲ್ಲಿ? ಮನೆಗೆ ಬಂದ ಮೇಲೆ ನಳವನ್ನು ಗುಂಡಿಯಿಂದ ಮೇಲಕ್ಕೆತ್ತಿಸಿ. ನೀರು ಬಿಡುವವನನ್ನು ವಾಸನೆಗಾಗಿ ಬೈಯಬೇಡಿ. ವಾಸನೆ ಬರದ ದಿನ ಕೇಳಿ.