ಮಸಿ ಹತ್ತದ ಕಲ್ಲಿದ್ದಲು

2017ರ ಫೆಬ್ರವರಿ 9ರಂದು ಆಸ್ಟ್ರೇಲಿಯದ ಅಂದಿನ ಖಜಾನೆ ಮಂತ್ರಿ ಸ್ಕಾಟ್ ಮಾರಿಸನ್ ಸಂಸತ್ತಿನಲ್ಲಿ ಕಲ್ಲಿದ್ದಲಿನ ತುಂಡೊಂದನ್ನು ಎತ್ತಿ ಹಿಡಿದು, ಇದಕ್ಕೆ ಹೆದರಬೇಡಿ ಎಂದು ವಿರೋಧ ಪಕ್ಷದವರನ್ನು ಹಂಗಿಸಿದರು. ತುಂಡನ್ನು ಒದಗಿಸಿದ್ದು ಗಣಿ ಕಂಪನಿಗಳ ಸಂಘ, ಮಿನರಲ್ಸ್ ಕೌನ್ಸಿಲ್ ಆಫ್ ಆಸ್ಟ್ರೇಲಿಯಾ. ಕೈ ಕಪ್ಪಾಗದಂತೆ ಅದಕ್ಕೆ ವಾರ್ನಿಷ್ ಬಳಿದಿತ್ತೆಂದು ಪತ್ರಿಕೆಗಳು ಬರೆದವು. ಆ ತುಂಡು ಈಗ ನಮ್ಮೊಡನೆ ಮಾತಿಗೆ ಕೂತಿದೆ.

ಸಂಸತ್ತಿನ ಒಳಗಿನ ಅನುಭವ ಹೇಗಿತ್ತು?

ಏನು ಹೇಳಲಿ! ಆಳುವ ಪಕ್ಷದ ಸಾಲಿನಲ್ಲಿ ಕೈಯಿಂದ ಕೈಗೆ ಹೋದೆ. ಜನರ ಅರ್ಜಿಗಳಿಗೆ ಆ ಭಾಗ್ಯ ಎಲ್ಲಿ?

ವಾರ್ನಿಷ್ ಯಾಕೆ ಬೇಕಿತ್ತು?

ಕೈ ಕೆಸರಾದರೆ ಬಾಯಿ ಮೊಸರು ಅನ್ನುವುದು ಬಡವರ ಲೆಕ್ಕ. ಕೈಗೆ ಮಸಿ ಹತ್ತದೆಯೂ ಮೊಸರು ಸಿಗುವಂತೆ ನೋಡಿಕೊಳ್ಳುವುದು ನಮ್ಮ ಸಂಘದ ಕಸುಬು.

ಕಂಪನಿಗಳು ತಾವೇ ಮಾತಾಡಬಹುದಲ್ಲ?

ಆಡುತ್ತವಲ್ಲ! ಸ್ವಂತ ಬಾಯಲ್ಲಿ ಪ್ಯಾರಿಸ್ ಒಪ್ಪಂದಕ್ಕೆ ಜೈ. ಒರಟು ಮಾತಿಗೆ ಸಂಘವಿದೆ. ಚಂದಾ ಅವರದು, ನಾಲಿಗೆ ನಮ್ಮದು.

ಷೇರುದಾರರು ಸುಮ್ಮನಿರಲಿಲ್ಲ.

ಅದೇ ತಲೆನೋವು. ನೀವು ದುಡ್ಡು ಕೊಡುವ ಸಂಘಗಳು ಹವಾಮಾನದ ಬಗ್ಗೆ ಏನು ಹೇಳುತ್ತಿವೆ, ನೋಡಿ ಹೇಳಿ ಎಂದು 2017ರಲ್ಲಿ ಎಸಿಸಿಆರ್ ಎಂಬ ಷೇರುದಾರರ ಸಂಸ್ಥೆ ಬಿಎಚ್‌ಪಿ ಗಣಿ ಕಂಪನಿಯ ಬೆನ್ನು ಹತ್ತಿತು. ಬಿಎಚ್‌ಪಿ ಪರಿಶೀಲಿಸಿ ವಿಶ್ವ ಕಲ್ಲಿದ್ದಲು ಸಂಘವನ್ನು ಬಿಟ್ಟಿತು. ನಮ್ಮ ಜೊತೆ ಭಿನ್ನಾಭಿಪ್ರಾಯ ಇದೆ ಎಂದು ಬರೆದಿಟ್ಟು, ನಮ್ಮ ಜೊತೆಗೇ ಉಳಿಯಿತು.

2020ರಲ್ಲಿ ಬಿಎಚ್‌ಪಿ ಕ್ವೀನ್ಸ್‌ಲ್ಯಾಂಡ್ ಗಣಿ ಸಂಘದಲ್ಲಿನ ತನ್ನ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತಲ್ಲ?

ಅವರು ಚುನಾವಣೆ ಹೊತ್ತಿನಲ್ಲಿ ಗ್ರೀನ್ಸ್ ಪಕ್ಷದ ವಿರುದ್ಧ ಜಾಹೀರಾತು ಹಾಕಿಬಿಟ್ಟರು. ಬೀದಿಯಲ್ಲಿ ಕೂಗಿದರೆ ಹೀಗೇ ಆಗುವುದು. ಕಿವಿಯಲ್ಲಿ ಹೇಳಬೇಕು.

2021ರಲ್ಲಿ ಹವಾಮಾನದ ಲಾಬಿ ಕುರಿತ ಷೇರುದಾರರ ಗೊತ್ತುವಳಿಯನ್ನು ಬಿಎಚ್‌ಪಿ ಆಡಳಿತ ಮಂಡಳಿಯೇ ಬೆಂಬಲಿಸಿತು. ಭಯವಾಗಲಿಲ್ಲವೇ?

ಯಾಕೆ? ಸಂಘದ ಮಾತು ಕಂಪನಿಯ ನಿಲುವಿಗೆ ಹೊಂದುತ್ತದೋ ಇಲ್ಲವೋ ಎಂದು ನೋಡುವುದು ಅದೇ ಕಂಪನಿ. ತಕ್ಕಡಿಯೂ ನಮ್ಮದು, ತೂಕದ ಕಲ್ಲೂ ನಮ್ಮದು.

ಸರ್ಕಾರದ ಲಾಬಿದಾರರ ಪಟ್ಟಿ ಇದೆಯಲ್ಲ?

ಅದು ಬೇರೆಯವರ ಪರವಾಗಿ ಲಾಬಿ ಮಾಡುವ ಬಾಡಿಗೆ ಬಂಟರಿಗೆ. ಕಂಪನಿಯ ಸಂಬಳ ತಿನ್ನುವವರು, ಸಂಘದ ನೌಕರರು ಹೆಸರು ಬರೆಸಬೇಕಿಲ್ಲ. ಹೊರಗಿನವನಿಗೆ ಹಾಜರಿ ಪುಸ್ತಕ, ಮನೆಯವನಿಗೆ ಬೀಗದ ಕೈ.

ಹಾಗಾದರೆ ನೀವು ಹೆದರುವುದು ಯಾವುದಕ್ಕೆ?

ದಿನಚರಿಗೆ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳಲ್ಲಿ ಮಂತ್ರಿಗಳು ಯಾರನ್ನು ಯಾವಾಗ ಕಂಡರು ಅನ್ನುವುದು ಪ್ರಕಟವಾಗುತ್ತದೆ. ಕ್ಯಾನ್‌ಬೆರಾದ ಕೇಂದ್ರ ಸರ್ಕಾರಕ್ಕೆ ಆ ಕಟ್ಟುಪಾಡಿಲ್ಲ. ನಮ್ಮ ವರದಿ ನಾವೇ ಬರೆದರೆ ನೂರು ಪುಟವಾದರೂ ಚಿಂತೆಯಿಲ್ಲ. ಯಾವ ಮಸೂದೆಯ ಯಾವ ಸಾಲು ಅಳಿಸಲು ಯಾರು ಯಾರ ಬಾಗಿಲು ತಟ್ಟಿದರು ಅನ್ನುವ ಅರ್ಧ ಪುಟ ಬೇರೆಯವರ ಕೈಲಿದ್ದರೆ ಮಾತ್ರ ಕಷ್ಟ.

ಆ ಕಟ್ಟುಪಾಡು ಕ್ಯಾನ್‌ಬೆರಾಕ್ಕೂ ಬಂದರೆ?

ಬಿಡ್ತು ಅನ್ನಿ!

ಇದನ್ನೆಲ್ಲ ನಿಮ್ಮ ಹೆಸರಿನಲ್ಲೇ ಪ್ರಕಟಿಸಬಹುದೇ?

ಬೇಡ, ಬೇಡ. ‘ಉದ್ಯಮ ವಲಯದ ಮೂಲಗಳು’ ಅಂತ ಹಾಕಿ. ನನ್ನ ಹೆಸರಿನಲ್ಲೇ ಬೇಕೆಂದರೆ, ನಾನು ಪಾರದರ್ಶಕತೆಯ ಪರ ಅಂತ ಬರೆದುಕೊಳ್ಳಿ.